ಡೇಟಾಬೇಸ್‌ನ ಒಳಗಿರುವುದನ್ನು ಕಾಗದಕ್ಕೆ ಇಳಿಸುವುದು: ಕೋಲಾರದ ಟೊಮ್ಯಾಟೊ ಮಂಡಿಯಲ್ಲಿ ಕಲಿತ ಕ್ರಮ

2023ರ ಜುಲೈ. ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮ್ಯಾಟೊ ಬಾಕ್ಸ್ 2000 ರೂಪಾಯಿ ದಾಟಿದ ದಿನಗಳು. ಒಂದು ಮಂಡಿಯಿಂದ ನನಗೆ ಫೋನ್ ಬಂತು. ರೈತರಿಗೆ ಕೊಡುವ ಪಟ್ಟಿಯಲ್ಲಿ ರೇಟು ತಪ್ಪು ಬರ್ತಿದೆ, ಬೇಗ ಬನ್ನಿ ಅಂದರು. ಹೋಗಿ ನೋಡಿದೆ. ಹರಾಜಿನಲ್ಲಿ 2100ಕ್ಕೆ ಹೋದ ಲಾಟಿಗೂ 999.99. 1800ಕ್ಕೆ ಹೋದ ಲಾಟಿಗೂ 999.99. ಹೊರಗೆ ರೈತರು ಪಟ್ಟಿ ಹಿಡಿದು ನಿಂತಿದ್ದರು. ಅವರ ಸಿಟ್ಟು ನ್ಯಾಯವಾದದ್ದೇ.

ತಪ್ಪು ಇದ್ದದ್ದು ಒಂದೇ ಕಾಲಂನಲ್ಲಿ. ರೇಟಿನ ಕಾಲಂ ಡೆಸಿಮಲ್ 5, 2 ಅಂತ ಇತ್ತು. ಅಂದರೆ ಒಟ್ಟು ಐದು ಅಂಕಿ, ಅದರಲ್ಲಿ ಎರಡು ಪೈಸೆಗೆ. ರೂಪಾಯಿಗೆ ಉಳಿದದ್ದು ಮೂರೇ ಅಂಕಿ. ಅದು ಹಳೇ ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್, ತಪ್ಪು ಡೇಟಾ ತಡೆಯುವ ಸ್ಟ್ರಿಕ್ಟ್ ಮೋಡ್ ಇರಲಿಲ್ಲ. ಹಾಗಿದ್ದಾಗ ದೊಡ್ಡ ಸಂಖ್ಯೆ ಬಂದರೆ ಅದು ಎರರ್ ಕೊಟ್ಟು ನಿಲ್ಲುವುದಿಲ್ಲ. ಕಾಲಂನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಇಟ್ಟು, ಒಂದು ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತದೆ. ಆ ವಾರ್ನಿಂಗ್ ಯಾರ ಕಣ್ಣಿಗೂ ಬೀಳಲಿಲ್ಲ.

ಸರಿಮಾಡಲು ಐದು ನಿಮಿಷ ಸಾಕಾಯಿತು. ಹುಡುಕಲು ಇಡೀ ಮಧ್ಯಾಹ್ನ ಹೋಯಿತು. ಪ್ರೋಗ್ರಾಂ ಬರೆದವರು ಬಿಟ್ಟು ಹೋಗಿ ವರ್ಷಗಳಾಗಿದ್ದವು. 43 ಟೇಬಲ್‌ಗಳು, ಒಂದು ಹಾಳೆ ಕಾಗದ ಇಲ್ಲ. ಅವತ್ತು ನನ್ನ ಪಕ್ಕದಲ್ಲಿ ಕೂತಿದ್ದವರು ಆ ಮಂಡಿಯ ಹಳೇ ರೈಟರ್. ಲೆಕ್ಕ ಬರೆದೇ ಕೂದಲು ಬೆಳ್ಳಗಾದವರು. ವಿಷಯ ಹೇಳಿದೆ. 'ಮೂರು ಅಂಕಿ ಸಾಲಲ್ಲಪ್ಪ, ಒಂದಲ್ಲ ಒಂದು ದಿನ ಸಾವಿರ ದಾಟೇ ದಾಟುತ್ತೆ ಅಂತ ಯಾರನ್ನ ಕೇಳಿದ್ರೂ ಹೇಳ್ತಿದ್ರು' ಅಂದರು. ನಿಜ. ಆದರೆ ಅವರ ಮುಂದೆ ಆ ಕಾಲಂ ಯಾವತ್ತೂ ಬಂದಿರಲಿಲ್ಲ. ಅದು ಸರ್ವರ್‌ನ ಒಳಗಿತ್ತು.

ಆಮೇಲೆ ಎಂಟು ದಿನ ಕೂತು ಆ ಡೇಟಾಬೇಸ್ ಪೂರ್ತಿ ಕಾಗದಕ್ಕೆ ಇಳಿಸಿದೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಂಡಿ, ಡೇರಿ, ಶಾಲೆ, ಸೊಸೈಟಿ, ಶಿಡ್ಲಘಟ್ಟದ ರೇಷ್ಮೆ ಗೂಡಿನ ವ್ಯಾಪಾರ, ಯಾವುದಕ್ಕಾದರೂ ಇದು ಆಗುತ್ತದೆ. ಉದಾಹರಣೆಗಳು ಜಾಸ್ತಿ ಮೈಎಸ್‌ಕ್ಯೂಎಲ್‌ನವು, ನಮ್ಮ ಕಡೆ ಸಣ್ಣ ಆಫೀಸುಗಳಲ್ಲಿ ನನಗೆ ಹೆಚ್ಚು ಸಿಗುವುದು ಅದೇ. ಕಮಾಂಡ್‌ಗಳ ಉಚ್ಚಾರ ಕನ್ನಡದಲ್ಲಿ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ.

ಕಾಗದ ಯಾಕೆ ಬೇಕು

ಸ್ಕ್ರೀನ್‌ನಲ್ಲೇ ನೋಡಬಹುದಲ್ವಾ ಅಂತ ಕೇಳುತ್ತಾರೆ. ನಮಗೆ ನೋಡಬಹುದು. ಆದರೆ ಕಾಲಂನ ಅರ್ಥ ಗೊತ್ತಿರುವವರು ನಾವಲ್ಲ. ಅದು ಗೊತ್ತಿರುವುದು ಹರಾಜು ಕೂಗುವವರಿಗೆ, ರೈಟರ್‌ಗೆ, ಗೇಟಿನಲ್ಲಿ ಬಾಕ್ಸ್ ಎಣಿಸುವ ಹುಡುಗನಿಗೆ. ಅವರು ಕಂಪ್ಯೂಟರ್ ಮುಂದೆ ಕೂತು ಮೌಸ್ ಆಡಿಸುತ್ತಾ ಮಾತಾಡುವುದಿಲ್ಲ. ಅವರ ಕೈಗೆ ಒಂದು ಹಾಳೆ, ಒಂದು ಪೆನ್ನು ಕೊಡಿ. ಆಗ ಬಾಯಿ ಬಿಡುತ್ತಾರೆ. ಟೇಬಲ್‌ನ ಆಕಾರವನ್ನು ಮೆಷಿನ್ ಕೊಡುತ್ತದೆ. ಅರ್ಥವನ್ನು ಜನರೇ ಕೊಡಬೇಕು. ಮುಂದಿನ ಎಲ್ಲ ಹಂತಗಳೂ ಈ ಒಂದು ಭೇಟಿಗೆ ಮಾಡಿಕೊಳ್ಳುವ ತಯಾರಿ.

ಮೊದಲು ಒಂದು ಓದುವ ಲಾಗಿನ್

ಎಲ್ಲ ಹಕ್ಕೂ ಇರುವ ರೂಟ್ ಲಾಗಿನ್‌ನ ಪಾಸ್‌ವರ್ಡ್ ಇಟ್ಟುಕೊಂಡು ಈ ಕೆಲಸಕ್ಕೆ ಇಳಿಯಬೇಡಿ. ಬರೀ ಓದಲು ಆಗುವ ಒಂದು ಯೂಸರ್ ಮಾಡಿಸಿಕೊಳ್ಳಿ. ಸೆಲೆಕ್ಟ್, ಶೋ ವ್ಯೂ, ಟ್ರಿಗರ್, ಇಷ್ಟು ಹಕ್ಕು ಇದ್ದರೆ ಬಹುತೇಕ ಸಾಕು. ಕೈ ತಪ್ಪಿ ಏನೋ ಒತ್ತಿದರೂ ಸೀಸನ್ ಲೆಕ್ಕ ಅಳಿಸಿ ಹೋಗಬಾರದು ಅಲ್ವಾ.

ಇಲ್ಲಿ ಒಂದು ಅಪಾಯ ಇದೆ. ನಿಮ್ಮ ಲಾಗಿನ್‌ಗೆ ಹಕ್ಕು ಇಲ್ಲದ ಟೇಬಲ್ ಲಿಸ್ಟಿನಲ್ಲಿ ಕಾಣುವುದೇ ಇಲ್ಲ. ಎರರ್ ಕೂಡ ಬರುವುದಿಲ್ಲ. ಹಾಗಾಗಿ ಹಕ್ಕು ಇರುವವರ ಹತ್ತಿರ ಒಟ್ಟು ಎಷ್ಟು ಟೇಬಲ್ ಇವೆ ಅಂತ ಎಣಿಸಿ ಹೇಳಿಸಿಕೊಳ್ಳಿ. ಶೋ ಫುಲ್ ಟೇಬಲ್ಸ್ ಕೊಟ್ಟರೆ ಯಾವುದು ಟೇಬಲ್, ಯಾವುದು ವ್ಯೂ (ಬೇರೆ ಟೇಬಲ್‌ಗಳಿಂದ ಆಯ್ದು ತೋರಿಸುವ ನೋಟ) ಅನ್ನುವುದೂ ತಿಳಿಯುತ್ತದೆ. ಆ ಸಂಖ್ಯೆಯನ್ನು ಮೊದಲ ಹಾಳೆಯ ಮೇಲೆ ಬರೆದಿಡಿ. ಕೊನೆಗೆ ಪ್ರಿಂಟ್ ಆದದ್ದನ್ನು ಅದಕ್ಕೆ ತಾಳೆ ನೋಡಬೇಕು.

ರಚನೆಯನ್ನು ಫೈಲಿಗೆ ತೆಗೆಯುವುದು

ರಿಲೇಶನಲ್ ಡೇಟಾಬೇಸ್‌ನಲ್ಲಿ ಒಂದು ಒಳ್ಳೆಯ ಗುಣ ಇದೆ. ತನ್ನ ರಚನೆ ಏನು ಅನ್ನುವುದನ್ನು ಅದು ತನ್ನೊಳಗೇ, ಟೇಬಲ್‌ಗಳ ರೂಪದಲ್ಲೇ ಇಟ್ಟುಕೊಂಡಿರುತ್ತದೆ. 1970ರಲ್ಲಿ ಈ ಮಾದರಿಯನ್ನು ಮುಂದಿಟ್ಟವರು ಐಬಿಎಂನಲ್ಲಿದ್ದ ಇ. ಎಫ್. ಕಾಡ್. 1985ರಲ್ಲಿ ಅವರು ಹೇಳಿದ ನಿಯಮಗಳಲ್ಲಿ ಒಂದು ಇದೇ: ಡೇಟಾಬೇಸ್‌ನ ವಿವರವನ್ನೂ ಉಳಿದ ಡೇಟಾದ ಹಾಗೆಯೇ ಕ್ವೆರಿ ಮಾಡಿ ಓದುವಂತಿರಬೇಕು. ಎಸ್‌ಕ್ಯೂಎಲ್‌ನ 1992ರ ಸ್ಟ್ಯಾಂಡರ್ಡ್‌ನಲ್ಲಿ ಇದಕ್ಕೆ ಇನ್ಫರ್ಮೇಶನ್ ಸ್ಕೀಮಾ ಅನ್ನುವ ಹೆಸರು ಬಂತು. ನಾವು ಮಾಡುವುದು ಅಲ್ಲಿಂದ ಓದಿ ಬರೆದುಕೊಳ್ಳುವುದು, ಅಷ್ಟೇ.

ಮೊದಲು ಡಂಪ್, ಅಂದರೆ ಡೇಟಾಬೇಸ್‌ನ ನಕಲು ಇರುವ ಟೆಕ್ಸ್ಟ್ ಫೈಲು, ತೆಗೆಯಿರಿ. ಮೈಎಸ್‌ಕ್ಯೂಎಲ್‌ಡಂಪ್ ಕಮಾಂಡ್‌ಗೆ ನೋ-ಡೇಟಾ ಅನ್ನುವ ಆಯ್ಕೆ ಸೇರಿಸಿ. ಆಗ ಟೇಬಲ್‌ಗಳ ರಚನೆ ಮಾತ್ರ ಬರುತ್ತದೆ, ರೈತರ ಹೆಸರು, ಬ್ಯಾಂಕ್ ಖಾತೆ ಯಾವುದೂ ಬರುವುದಿಲ್ಲ. ಟ್ರಿಗರ್‌ಗಳು (ಟೇಬಲ್‌ಗೆ ಸಾಲು ಸೇರಿದಾಗ, ಬದಲಾದಾಗ ತಾನಾಗಿ ಓಡುವ ಕೋಡ್) ತಾವಾಗಿಯೇ ಬರುತ್ತವೆ. ಪ್ರೊಸೀಜರ್ (ಡೇಟಾಬೇಸ್‌ನ ಒಳಗೇ ಬರೆದಿಟ್ಟ ಕೋಡ್) ಮತ್ತು ಈವೆಂಟ್‌ಗಳು (ಗೊತ್ತಾದ ಹೊತ್ತಿಗೆ ಓಡುವ ಕೋಡ್) ಬರುವುದಿಲ್ಲ, ಅವಕ್ಕೆ ರೂಟೀನ್ಸ್ ಮತ್ತು ಈವೆಂಟ್ಸ್ ಆಯ್ಕೆಗಳನ್ನು ಬೇರೆ ಕೊಡಬೇಕು. ಇದನ್ನು ತುಂಬಾ ಜನ ಮರೆಯುತ್ತಾರೆ.

ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಬಾಣದ ಗುರುತು ಹಾಕಿ ಫೈಲಿಗೆ ಕಳಿಸಿದರೆ ಫೈಲು ಯುಟಿಎಫ್-16 ಅನ್ನುವ ಬೇರೆ ಅಕ್ಷರ ಸಂಕೇತದಲ್ಲಿ ಕೂರುತ್ತದೆ, ಆಮೇಲೆ ಅದನ್ನು ವಾಪಸ್ ಲೋಡ್ ಮಾಡಲು ಆಗುವುದಿಲ್ಲ. ಅದರ ಬದಲು ರಿಸಲ್ಟ್-ಫೈಲ್ ಆಯ್ಕೆಯಲ್ಲಿ ಫೈಲಿನ ಹೆಸರು ಕೊಡಿ.

ಈ ಡಂಪ್ ಫೈಲು ಪ್ರಿಂಟ್ ಮಾಡಲಿಕ್ಕಲ್ಲ. ಇದು ಮೂಲ ದಾಖಲೆ. ತಾರೀಕು ಹಾಕಿ ಎತ್ತಿಡಿ. ಮುಂದೆ ಯಾರಾದರೂ ಟೇಬಲ್ ಬದಲಿಸಿದರೆ ಹೊಸ ಡಂಪ್ ಜೊತೆ ಹೋಲಿಸಿ ನೋಡಬಹುದು. ಗಿಟ್ ಗೊತ್ತಿದ್ದರೆ ಅದರಲ್ಲಿ ಇಡಿ.

ಟ್ರಿಗರ್‌ಗಳ ಕೋಡನ್ನು ಮಾತ್ರ ಪೂರ್ತಿ ಪ್ರಿಂಟ್ ಮಾಡಿ ಅನ್ನುತ್ತೇನೆ. ನಾನು ನೋಡಿದ ಮಂಡಿಯಲ್ಲಿ ರೈತ ಖಾಲಿ ಕ್ರೇಟು ತಗೊಂಡು ಹೋದಾಗ ಅವನ ಲೆಕ್ಕದಲ್ಲಿ ಕ್ರೇಟು ಏರಿಸುವುದು, ತುಂಬಿ ತಂದಾಗ ಇಳಿಸುವುದು ಎರಡೂ ಟ್ರಿಗರ್‌ನಲ್ಲೇ ನಡೆಯುತ್ತಿತ್ತು. ಪ್ರೋಗ್ರಾಂ ಎಷ್ಟು ಓದಿದರೂ ಆ ಲೆಕ್ಕ ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುವಂತಿರಲಿಲ್ಲ.

ಕಾಲಂಗಳ ಪಟ್ಟಿ

ಇದೇ ಮುಖ್ಯವಾದ ಕಾಗದ. ಇನ್ಫರ್ಮೇಶನ್ ಸ್ಕೀಮಾದಲ್ಲಿ ಕಾಲಮ್ಸ್ ಅನ್ನುವ ಟೇಬಲ್ ಇರುತ್ತದೆ. ಅದರಿಂದ ಟೇಬಲ್ ನೇಮ್, ಕಾಲಂ ನೇಮ್, ಕಾಲಂ ಟೈಪ್, ಈಸ್ ನಲ್ಲಬಲ್, ಕಾಲಂ ಕೀ, ಕಾಲಂ ಡಿಫಾಲ್ಟ್, ಕಾಲಂ ಕಾಮೆಂಟ್ ಇಷ್ಟು ತೆಗೆಯಿರಿ. ಟೇಬಲ್ ಸ್ಕೀಮಾ ನಿಮ್ಮ ಡೇಟಾಬೇಸ್‌ನ ಹೆಸರು ಆಗಿರಬೇಕು. ಟೇಬಲ್ ನೇಮ್ ಮತ್ತು ಆರ್ಡಿನಲ್ ಪೊಸಿಷನ್ ಪ್ರಕಾರ ಜೋಡಿಸಿ. ಡೇಟಾ ಟೈಪ್ ಅನ್ನುವ ಇನ್ನೊಂದು ಕಾಲಂ ಇದೆ, ಅದನ್ನು ತಗೊಳ್ಳಬೇಡಿ. ಅದು ಬರೀ ಡೆಸಿಮಲ್ ಅನ್ನುತ್ತದೆ. ಕಾಲಂ ಟೈಪ್ ಆದರೆ ಡೆಸಿಮಲ್ 5, 2 ಅಂತ ಪೂರ್ತಿ ಹೇಳುತ್ತದೆ. 999.99ರ ಕಥೆ ಹಿಡಿಯಬಹುದಾದದ್ದು ಆ ಎರಡು ಅಂಕಿಗಳಲ್ಲೇ.

ಬಂದದ್ದನ್ನು ಸಿಎಸ್‌ವಿ ಮಾಡಿ ಎಕ್ಸೆಲ್‌ಗೆ ತನ್ನಿ. ಡಬಲ್ ಕ್ಲಿಕ್ ಮಾಡಿ ತೆರೆದರೆ ಕನ್ನಡ ಕಾಮೆಂಟ್‌ಗಳು ಕಲಸುಮೇಲೋಗರ ಆಗಬಹುದು. ಡೇಟಾ ಮೆನುವಿನಿಂದ ಟೆಕ್ಸ್ಟ್ ಫೈಲ್ ತರುವ ಆಯ್ಕೆಗೆ ಹೋಗಿ, ಯುಟಿಎಫ್-8 ಅಂತ ಆರಿಸಿ ತನ್ನಿ. ಲಿಬ್ರೆಆಫೀಸ್ ತೆರೆಯುವಾಗಲೇ ಅದನ್ನು ಕೇಳುತ್ತದೆ.

ಈಗ ಅದಕ್ಕೆ ನೀವು ಮೂರು ಖಾಲಿ ಕಾಲಂ ಸೇರಿಸಿ. ಒಂದು 'ಅರ್ಥ'. ಇನ್ನೊಂದು 'ಯಾರು ತುಂಬುತ್ತಾರೆ'. ಮತ್ತೊಂದು 'ಉದಾಹರಣೆ'. 'ಅರ್ಥ'ದ ಕಾಲಂ ಅಗಲವಾಗಿರಲಿ, ಕೈಯಲ್ಲಿ ಬರೆಯಲು ಜಾಗ ಬೇಕು. ನಿಮಗೆ ಗೊತ್ತು ಅಂತ ಅನ್ನಿಸಿದ್ದನ್ನೂ ಮೊದಲೇ ತುಂಬಿಸಬೇಡಿ. ಬರೆದದ್ದನ್ನು ನೋಡಿದರೆ ಎದುರಿನವರು ಹೂಂ ಅಂದುಬಿಡುತ್ತಾರೆ. ಖಾಲಿ ಇದ್ದರೆ ಯೋಚಿಸಿ ಹೇಳುತ್ತಾರೆ.

ಉದಾಹರಣೆಯ ಕಾಲಂನಲ್ಲಿ ನಿಜವಾದ ರೈತರ ಹೆಸರು, ಫೋನ್, ಆಧಾರ್ ನಂಬರ್ ಹಾಕಬೇಡಿ. ಆಕಾರ ಮಾತ್ರ ತೋರಿಸಿ, '10 ಅಂಕಿ' ಅನ್ನುವ ಹಾಗೆ. ಅಂಥ ಕಾಲಂಗಳ ಪಕ್ಕ ಒಂದು ಗುರುತು ಹಾಕಿ. 2023ರಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆಯ ಕಾಯ್ದೆ ಬಂದಿದೆ. ಯಾವ ಟೇಬಲ್‌ನಲ್ಲಿ ಜನರ ಸ್ವಂತ ವಿವರ ಇದೆ ಅನ್ನುವುದು ಮಾಲೀಕರಿಗೆ ಒಂದೇ ಹಾಳೆಯಲ್ಲಿ ಕಾಣಬೇಕು.

ಊರಿನ ಹೆಸರುಗಳಲ್ಲಿ ಎರಡು ತೊಂದರೆ ನೋಡಿದೆ. ಹಳೇ ದಾಖಲೆಗಳಲ್ಲಿ ಊರುಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗುಂಪಿನ ಹಾಗೆ ಕಂಡವು. ಡೇಟಾ ಕೆಟ್ಟಿದೆ ಅಂತ ಮೊದಲು ಅಂದುಕೊಂಡೆ. ಕೆಟ್ಟಿರಲಿಲ್ಲ. ಯುನಿಕೋಡ್‌ಗೆ ಮುಂಚಿನ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. 'ಹಳೇ ನುಡಿ, ಯುನಿಕೋಡ್‌ಗೆ ಬದಲಿಸಬೇಕು' ಅಂತ ಆ ಕಾಲಂ ಮುಂದೆ ಬರೆದುಕೊಂಡೆ.

ಇನ್ನೊಂದು ಇನ್ನೂ ಸೂಕ್ಷ್ಮ. ಊರಿನ ಕಾಲಂ ವಾರ್‌ಚಾರ್ 10 ಅಂತ ಇತ್ತು, ಅಂದರೆ ಹತ್ತು ಅಕ್ಷರಕ್ಕಷ್ಟೇ ಜಾಗ. ಶ್ರೀನಿವಾಸಪುರ ಅಂತ ಬರೆಯಿರಿ, ಕಣ್ಣಿಗೆ ಆರೇ ಅಕ್ಷರ. ಆದರೆ ಕಂಪ್ಯೂಟರ್ ಒತ್ತು, ಗುಣಿತ ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ. ಅದರ ಲೆಕ್ಕದಲ್ಲಿ 12. ಹಾಗಾಗಿ ಆ ತಾಲ್ಲೂಕಿನ ರೈತರ ಪಟ್ಟಿಯಲ್ಲೆಲ್ಲ 'ಶ್ರೀನಿವಾಸಪ' ಅಂತ ಬರುತ್ತಿತ್ತು. ಮುಳಬಾಗಿಲು 9, ಹಿಡಿಸುತ್ತಿತ್ತು. ಅದಕ್ಕೇ ಯಾರಿಗೂ ಕಾರಣ ಹೊಳೆದಿರಲಿಲ್ಲ. ಕನ್ನಡ ಹಿಡಿಯಬೇಕಾದ ಕಾಲಂಗೆ ಕಣ್ಣಿಗೆ ಕಾಣುವ ಅಕ್ಷರಗಳ ಮೂರು ಪಟ್ಟು ಜಾಗ ಇದೆಯಾ ಅಂತ ನೋಡಿ.

ಕೋಡ್‌ಗಳ ಹಾಳೆ

ಪ್ರತಿ ಡೇಟಾಬೇಸ್‌ನಲ್ಲೂ 0, 1, 2 ಅಂತ ಬರೆದಿರುವ ಸಣ್ಣ ಕಾಲಂಗಳು ಇದ್ದೇ ಇರುತ್ತವೆ. ಸ್ಟೇಟಸ್, ಟೈಪ್, ಫ್ಲ್ಯಾಗ್ ಅಂತ ಹೆಸರು. ಅಂಥ ಒಂದೊಂದು ಕಾಲಂಗೂ ಯಾವ ಯಾವ ಬೆಲೆ ಎಷ್ಟು ಸಲ ಬಂದಿದೆ ಅಂತ ಗ್ರೂಪ್ ಬೈ ಹಾಕಿ ಎಣಿಸಿ. ಜೊತೆಗೆ ಮೊದಲ ಸಲ ಬಂದ ತಾರೀಕು, ಕೊನೆಯ ಸಲ ಬಂದ ತಾರೀಕು ತೆಗೆಯಿರಿ. ಈ ತಾರೀಕುಗಳು ತುಂಬಾ ಹೇಳುತ್ತವೆ. ಕೆಲವು ಕೋಡ್‌ಗಳು ಯಾವತ್ತೋ ನಿಂತು ಹೋಗಿರುತ್ತವೆ. ಎಲ್ಲವನ್ನೂ ಬೇರೆ ಹಾಳೆಯಲ್ಲಿ ಪ್ರಿಂಟ್ ಮಾಡಿ, ಪಕ್ಕದಲ್ಲಿ ಖಾಲಿ ಬಿಡಿ.

ಕೊಂಡಿಗಳು

ಯಾವ ಟೇಬಲ್ ಯಾವುದಕ್ಕೆ ಸೇರಿದೆ ಅನ್ನುವುದು ಫಾರಿನ್ ಕೀಗಳಿಂದ, ಅಂದರೆ ಒಂದು ಟೇಬಲ್‌ನ ಕಾಲಂ ಇನ್ನೊಂದು ಟೇಬಲ್‌ನ ಸಾಲನ್ನು ತೋರಿಸುವ ಕಟ್ಟುಪಾಡಿನಿಂದ, ತಿಳಿಯಬೇಕು. ಇನ್ಫರ್ಮೇಶನ್ ಸ್ಕೀಮಾದ ಕೀ ಕಾಲಂ ಯೂಸೇಜ್ ಟೇಬಲ್‌ನಲ್ಲಿ, ರೆಫರೆನ್ಸ್ಡ್ ಟೇಬಲ್ ನೇಮ್ ಖಾಲಿ ಇಲ್ಲದ ಸಾಲುಗಳನ್ನು ತೆಗೆದರೆ ಆಯಿತು.

ಆದರೆ ಹಳೇ ಡೇಟಾಬೇಸ್‌ನಲ್ಲಿ ಆ ಸಾಲುಗಳು ಸೊನ್ನೆ ಬರುವುದೇ ಜಾಸ್ತಿ. ಕಾರಣ ಇದೆ. ಮೈಎಸ್‌ಕ್ಯೂಎಲ್ 5.5 ಬರುವ ತನಕ ಟೇಬಲ್‌ಗಳು ತಾವಾಗಿ ಮೈಐಸ್ಯಾಮ್ ಅನ್ನುವ ಎಂಜಿನ್‌ನಲ್ಲಿ (ಡೇಟಾ ಇಟ್ಟು ತೆಗೆಯುವ ಒಳಭಾಗ) ಆಗುತ್ತಿದ್ದವು. ಮೈಐಸ್ಯಾಮ್‌ಗೆ ಫಾರಿನ್ ಕೀ ಬರೆದರೆ ಅದು ಎರರ್ ಕೊಡದೆ ಒಪ್ಪಿಕೊಂಡು, ಏನೂ ಉಳಿಸಿಕೊಳ್ಳದೆ ಬಿಟ್ಟುಬಿಡುತ್ತದೆ. ಬರೆದವರು ಕೀ ಹಾಕಿದ್ದೇನೆ ಅಂತ ನಂಬಿರುತ್ತಾರೆ. ಕಾಲಂನಲ್ಲಿ ಇಂಥ ಬೆಲೆಯೇ ಇರಬೇಕು ಅನ್ನುವ ಚೆಕ್ ಕಟ್ಟುಪಾಡೂ ಹೀಗೇ, 8.0.16ರಿಂದ ಈಚೆಗೆ ಮಾತ್ರ ಅದು ನಿಜವಾಗಿ ಕೆಲಸ ಮಾಡುತ್ತದೆ. ಹಾಗಾಗಿ ಟೇಬಲ್‌ಗಳ ಎಂಜಿನ್ ಯಾವುದು ಅನ್ನುವುದನ್ನೂ ಪಟ್ಟಿಯಲ್ಲಿ ಸೇರಿಸಿ.

ಕೀ ಇಲ್ಲದಿದ್ದಾಗ ಕೊಂಡಿಯನ್ನು ನಾವೇ ಹುಡುಕಬೇಕು. ಹೆಸರು ನೋಡಿ ಊಹಿಸಿ, ಆದರೆ ಊಹೆಯಲ್ಲೇ ನಿಲ್ಲಬೇಡಿ. ಲಾಟ್ ಟೇಬಲ್‌ನಲ್ಲಿರುವ ರೈತರ ನಂಬರುಗಳಲ್ಲಿ ರೈತರ ಟೇಬಲ್‌ನಲ್ಲಿ ಇಲ್ಲದವು ಎಷ್ಟು ಅಂತ ಲೆಫ್ಟ್ ಜಾಯಿನ್ ಹಾಕಿ ಎಣಿಸಿ. ಸೊನ್ನೆ ಅಥವಾ ಬೆರಳೆಣಿಕೆ ಬಂದರೆ ಕೊಂಡಿ ಇದೆ ಅಂತ ಭಾವಿಸಬಹುದು. ಸಾವಿರಗಟ್ಟಲೆ ಬಂದರೆ ನಿಮ್ಮ ಊಹೆ ತಪ್ಪು, ಇಲ್ಲವೇ ಹಿಂದೆ ಯಾರೋ ರೈತರ ದಾಖಲೆ ಅಳಿಸಿದ್ದಾರೆ. ಎರಡೂ ಕೇಳಿ ತಿಳಿಯಬೇಕಾದ ವಿಷಯ.

ಚಿತ್ರ

ಮೈಎಸ್‌ಕ್ಯೂಎಲ್ ವರ್ಕ್‌ಬೆಂಚ್‌ನಲ್ಲಿ ಡೇಟಾಬೇಸ್ ಮೆನು, ಅದರಲ್ಲಿ ರಿವರ್ಸ್ ಎಂಜಿನಿಯರ್. ಅದು ಟೇಬಲ್‌ಗಳನ್ನೆಲ್ಲ ಚೌಕಗಳಾಗಿ ಹರಡಿ ಗೆರೆ ಎಳೆಯುತ್ತದೆ. ಡಿಬೀವರ್‌ನಲ್ಲಿ ಇಆರ್ ಡಯಾಗ್ರಾಂ ಅನ್ನುವ ಟ್ಯಾಬ್ ಇದೆ. ಎರಡೂ ಉಚಿತವಾಗಿ ಸಿಗುತ್ತವೆ. ಡೇಟಾಬೇಸ್ ವಿವರವನ್ನು ಅಪ್‌ಲೋಡ್ ಮಾಡಿ ಚಿತ್ರ ಬರೆಸುವ ವೆಬ್‌ಸೈಟ್‌ಗಳೂ ಇವೆ. ಬೇರೆಯವರ ವ್ಯವಹಾರದ ರಚನೆಯನ್ನು ಕೇಳದೆ ಅಲ್ಲಿ ಹಾಕಬೇಡಿ.

43 ಚೌಕ ಒಂದೇ ಹಾಳೆಯಲ್ಲಿ ಹಾಕಿದರೆ ಜೇಡರ ಬಲೆ ಆಗುತ್ತದೆ, ಯಾರೂ ಓದುವುದಿಲ್ಲ. ಕೆಲಸದ ಪ್ರಕಾರ ಒಡೆಯಿರಿ. ನಾನು ಐದು ಮಾಡಿದೆ: ಮಾಲು ಬರುವುದು, ಹರಾಜು, ರೈತರಿಗೆ ಹಣ, ವ್ಯಾಪಾರಿಗಳ ಬಾಕಿ, ಖಾಲಿ ಕ್ರೇಟು. ಒಂದೊಂದರಲ್ಲಿ ಎಂಟು ಹತ್ತು ಟೇಬಲ್. ರೈತರ ಟೇಬಲ್ ಮೂರು ಚಿತ್ರಗಳಲ್ಲಿ ಬಂತು, ಬರಲಿ. ಎಡಗಡೆಯಿಂದ ಬಲಗಡೆಗೆ ಮಾಲು ಸಾಗುವ ದಾರಿಯಲ್ಲೇ ಚೌಕ ಜೋಡಿಸಿ. ಗೇಟು, ಲಾಟು, ಹರಾಜು, ಪಟ್ಟಿ. ಹೀಗೆ ಜೋಡಿಸಿದ ಚಿತ್ರವನ್ನು ಕಂಪ್ಯೂಟರ್ ಗೊತ್ತಿಲ್ಲದವರೂ ಓದುತ್ತಾರೆ. ಸಾಫ್ಟ್‌ವೇರ್ ತಾನೇ ಜೋಡಿಸಿದ್ದನ್ನು ನಾವೂ ಓದಲಾರೆವು.

ಊಹಿಸಿದ ಕೊಂಡಿಗಳನ್ನು ಕೆಂಪು ಪೆನ್ನಿನಲ್ಲಿ ಕಾಗದದ ಮೇಲೇ ಎಳೆಯಿರಿ. ಚುಕ್ಕೆ ಗೆರೆ ಬಳಸಬೇಡಿ, ವರ್ಕ್‌ಬೆಂಚ್‌ನಲ್ಲಿ ತುಂಡು ತುಂಡಾದ ಗೆರೆಗೆ ಬೇರೆ ಅರ್ಥವೇ ಇದೆ. ಗೆರೆಯ ತುದಿಯಲ್ಲಿ ಕಾಗೆ ಕಾಲಿನ ಹಾಗೆ ಮೂರು ಕವಲು ಇದ್ದರೆ ಆ ಕಡೆ 'ಅನೇಕ' ಅಂತ. ಒಬ್ಬ ರೈತ, ಅನೇಕ ಲಾಟು. ಇದನ್ನು ಹಾಳೆಯ ಮೂಲೆಯಲ್ಲಿ ಒಂದು ಸಾಲು ಬರೆದಿಡಿ.

ಪ್ರಿಂಟ್

ಪಟ್ಟಿಗಳಿಗೆ ಎ4 ಅಡ್ಡಲಾಗಿ. ಚಿತ್ರಗಳಿಗೆ ಎ3. ಎ3 ಅಂದರೆ ಎರಡು ಎ4 ಸೇರಿದಷ್ಟು, 297 ಮತ್ತು 420 ಮಿಲಿಮೀಟರ್. ದೊಡ್ಡದು ಬೇಕಾದರೆ ಮನೆ ಪ್ಲಾನ್ ಪ್ರಿಂಟ್ ಹಾಕುವ ಅಂಗಡಿಗೆ ಹೋಗಿ, ಅಲ್ಲಿ ಪ್ಲಾಟರ್‌ನಲ್ಲಿ ಎ1 ಸಿಗುತ್ತದೆ. ಗೋಡೆಗೆ ಹಾಕಲು ಚೆನ್ನ. ಮಾತಾಡಲು ಮಾತ್ರ ಎ3 ಮೇಲು, ಮೇಜಿನ ಮೇಲೆ ಹರಡಬಹುದು.

ಎಕ್ಸೆಲ್‌ನಲ್ಲಿ ಪೇಜ್ ಲೇಔಟ್‌ಗೆ ಹೋಗಿ ಪ್ರಿಂಟ್ ಟೈಟಲ್ಸ್‌ನಲ್ಲಿ ತಲೆಸಾಲನ್ನು ಆರಿಸಿ, ಆಗ ಪ್ರತಿ ಪುಟದಲ್ಲೂ ಅದು ಬರುತ್ತದೆ. ಅಗಲ ಒಂದು ಪುಟ ಅಂತ ಕೊಡಿ, ಉದ್ದ ಎಷ್ಟಾದರೂ ಆಗಲಿ. ಪ್ರತಿ ಟೇಬಲ್ ಹೊಸ ಪುಟದಲ್ಲೇ ಶುರುವಾಗಲಿ. ಕಾಗದ ಜಾಸ್ತಿ ಖರ್ಚಾಗುತ್ತದೆ, ಆದರೂ ಇದನ್ನು ಬಿಡಬೇಡಿ. ಮುಂದೆ ಒಂದು ಟೇಬಲ್ ಬದಲಾದರೆ ಆ ಹಾಳೆ ಮಾತ್ರ ತೆಗೆದು ಹೊಸದು ಹಾಕಬಹುದು. ಅದೇ ಕಾರಣಕ್ಕೆ ಸ್ಪೈರಲ್ ಬೈಂಡಿಂಗ್ ಬೇಡ. ತೂತು ಹೊಡೆದು ಬಾಕ್ಸ್ ಫೈಲಿಗೆ ಹಾಕಿ. ಪುಟದ ಕೆಳಗೆ ಡೇಟಾಬೇಸ್ ಹೆಸರು, ತಾರೀಕು, ಮೈಎಸ್‌ಕ್ಯೂಎಲ್ ಎಷ್ಟನೇ ವರ್ಶನ್, ಪುಟ ಸಂಖ್ಯೆ ಇರಲಿ.

ಝೆರಾಕ್ಸ್ ಅಂಗಡಿಗೆ ಕೊಡುವಾಗ ಪಿಡಿಎಫ್ ಮಾಡಿಯೇ ಕೊಡಿ. ಎಕ್ಸೆಲ್ ಫೈಲು ಕೊಟ್ಟರೆ ಅವರ ಕಂಪ್ಯೂಟರ್‌ನಲ್ಲಿ ಫಾಂಟ್ ಬದಲಾಗಿ ಕನ್ನಡದ ಬದಲು ಚೌಕ ಬೀಳಬಹುದು. ಪಿಡಿಎಫ್ ಮಾಡುವ ಮೊದಲು ನಿರ್ಮಲಾ ಅಥವಾ ನೋಟೋ ಸಾನ್ಸ್ ಕನ್ನಡದಂಥ ಯುನಿಕೋಡ್ ಫಾಂಟ್ ಹಾಕಿ, ಒತ್ತಕ್ಷರಗಳು ಸರಿಯಾಗಿ ಕೂತಿವೆಯಾ ಅಂತ ಒಂದು ಪುಟ ನೋಡಿ. ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅಕ್ಷರ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ತೆಳು ಬೂದು ಗೆರೆಗಳು ಕಪ್ಪು ಬಿಳುಪಿನ ಪ್ರಿಂಟಿನಲ್ಲಿ ಮಾಯವಾಗುತ್ತವೆ, ಕಪ್ಪು ಮಾಡಿ. ಕೆಲಸ ಮುಗಿದ ಮೇಲೆ ಅಂಗಡಿ ಕಂಪ್ಯೂಟರ್‌ನಿಂದ ಫೈಲು ಅಳಿಸಿಸಿ ಬನ್ನಿ.

ಕಾಗದ ಹಿಡಿದು ಕೂರುವುದು

ಕೋಲಾರದ ಮಂಡಿಯಲ್ಲಿ ಹರಾಜಿನ ಹೊತ್ತಿನಲ್ಲಿ ಯಾರಿಗೂ ಉಸಿರಾಡಲು ಪುರುಸೊತ್ತು ಇರುವುದಿಲ್ಲ. ಲಾರಿಗಳು ಲೋಡ್ ಆಗಿ ಹೊರಟ ಮೇಲೆ, ಊಟ ಮುಗಿದ ಮೇಲೆ ಹೋಗಿ. ದಿನಕ್ಕೆ ಒಂದು ಗಂಟೆ, ಒಂದು ಚಿತ್ರ. ಅದಕ್ಕಿಂತ ಜಾಸ್ತಿ ಕೇಳಿದರೆ ಅವರಿಗೂ ಬೇಸರ, ನಿಮಗೂ ತಪ್ಪು ಉತ್ತರ.

ಕಾಲಂ ಹೆಸರು ಓದಿ ಹೇಳಿ ಸುಮ್ಮನಿರಿ. 'ಕೆಸಿ' ಅನ್ನುವ ಕಾಲಂ ಕ್ಯಾಶಿಗೆ ಸಂಬಂಧಪಟ್ಟದ್ದು ಅಂತ ನಾನು ಎಣಿಸಿದ್ದೆ. ರೈಟರ್ ನೋಡಿದ ಕೂಡಲೇ 'ಖಾಲಿ ಕ್ರೇಟು' ಅಂದರು. 'ಎಂಜಿ' ಅಂದರೆ ಮುಂಗಡ. ನಮ್ಮ ಕಡೆ ಪ್ರೋಗ್ರಾಂ ಬರೆಯುವವರು ಕನ್ನಡದಲ್ಲಿ, ಕೆಲವು ಸಲ ತೆಲುಗಿನಲ್ಲಿ ಯೋಚಿಸಿ, ಇಂಗ್ಲಿಷ್ ಅಕ್ಷರದಲ್ಲಿ ಮೊಟಕು ಮಾಡಿ ಬರೆದಿರುತ್ತಾರೆ. ಇಂಗ್ಲಿಷ್ ಡಿಕ್ಷನರಿ ಹಿಡಿದು ಅದನ್ನು ಬಿಡಿಸಲು ಆಗುವುದಿಲ್ಲ.

ಲಾಟ್ ಟೇಬಲ್‌ನ ಸ್ಟೇಟಸ್ ಕಾಲಂನಲ್ಲಿ 0, 1, 2 ಮತ್ತು 9 ಇದ್ದವು. 9 ಇದ್ದದ್ದು 214 ಸಾಲು. ಕ್ಯಾನ್ಸಲ್ ಆದದ್ದು ಅಂತ ತಿಳಿದು, ಅದಕ್ಕೂ ಮುಂಚೆ ಮಾಡಿಕೊಟ್ಟ ಒಂದು ರಿಪೋರ್ಟಿನಲ್ಲಿ ಅವನ್ನು ಬಿಟ್ಟಿದ್ದೆ. ರೈಟರ್ ಹಾಳೆ ನೋಡಿದರು. ಕನ್ನಡಕ ಮೇಲೆ ಏರಿಸಿದರು. ಬೆರಳು ತಾರೀಕುಗಳ ಮೇಲೆ ಓಡಿತು.

'ಇದು ಕ್ಯಾನ್ಸಲ್ ಅಲ್ಲಪ್ಪ. ಲಾರಿ ಆ ಕಡೆ ಮುಟ್ಟಿದ ಮೇಲೆ ಕಾಯಿ ಒಡೆದಿದೆ ಅಂತ ಫೋನ್ ಮಾಡ್ತಾರಲ್ಲ, ಆವಾಗ ರೇಟು ಇಳಿಸಿದ ಲಾಟು.'

'ರೈತರಿಗೂ ಕಡಿಮೆ ಕೊಡ್ತೀರಾ ಸಾರ್?'

'ಇಲ್ಲ. ಪಟ್ಟಿ ಕೊಟ್ಟಾಗಿರುತ್ತೆ. ಅದು ಮಂಡಿ ಮೇಲೇ ಬೀಳುತ್ತೆ.'

ಅಂದರೆ ಆ 214 ಸಾಲು ಮಂಡಿಯ ನಷ್ಟದ ಲೆಕ್ಕ. ಪ್ರೋಗ್ರಾಂನ ಯಾವ ಸ್ಕ್ರೀನಿನಲ್ಲೂ ಆ ಮಾತು ಇರಲಿಲ್ಲ. ನನ್ನ ರಿಪೋರ್ಟಿನಲ್ಲಿ ಮಾಲೀಕರಿಗೆ ಲಾಭ ಇದ್ದದ್ದಕ್ಕಿಂತ ಜಾಸ್ತಿ ಕಂಡಿತ್ತು. ಅದನ್ನು ಅವತ್ತೇ ಹೇಳಿ ರಿಪೋರ್ಟ್ ಹೊಸದಾಗಿ ಮಾಡಿಕೊಟ್ಟೆ.

ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. 'ಸಾಗಾಣಿಕೆಯ ನಂತರದ ದರ ಪರಿಷ್ಕರಣೆ' ಅಂತೆಲ್ಲ ಬೇಡ. 'ಲಾರಿ ಮುಟ್ಟಿದ ಮೇಲೆ ರೇಟು ಇಳಿಸಿದ್ದು' ಅಂದರೆ ಮುಂದೆ ಬರುವ ಯಾರಿಗಾದರೂ ತಿಳಿಯುತ್ತದೆ. ಯಾರು ಹೇಳಿದ್ದು, ಯಾವತ್ತು ಅನ್ನುವುದೂ ಅಂಚಿನಲ್ಲಿ ಇರಲಿ. ಇಬ್ಬರು ಬೇರೆ ಬೇರೆ ಹೇಳಿದರೆ ಎರಡನ್ನೂ ಬರೆಯಿರಿ. ಒಂದೇ ಕೋಡನ್ನು ಇಬ್ಬರು ಎರಡು ಅರ್ಥದಲ್ಲಿ ಹಾಕುತ್ತಿರಬಹುದು, ಅದು ಹೀಗೇ ಹೊರಗೆ ಬರುವುದು.

ಅರ್ಥವನ್ನು ಡೇಟಾಬೇಸ್‌ಗೆ ವಾಪಸ್ ಹಾಕುವುದು

ಕಾಗದ ಕಳೆದು ಹೋಗಬಹುದು. ಹಾಗಾಗಿ ಬರೆದುಕೊಂಡದ್ದನ್ನು ಕಾಲಂ ಕಾಮೆಂಟ್ ಆಗಿ ಒಳಗೇ ಇಡಿ. ಮೈಎಸ್‌ಕ್ಯೂಎಲ್‌ನಲ್ಲಿ ಒಂದು ಕಾಲಂಗೆ 1024 ಅಕ್ಷರ, ಟೇಬಲ್‌ಗೆ 2048 ಅಕ್ಷರ ಕಾಮೆಂಟ್ ಬರೆಯಬಹುದು. ಕನ್ನಡದಲ್ಲೇ ಬರೆಯಿರಿ. ಕನೆಕ್ಷನ್‌ನ ಅಕ್ಷರ ಸಂಕೇತ ಯುಟಿಎಫ್8ಎಂಬಿ4 ಇರಲಿ, ಇಲ್ಲದಿದ್ದರೆ ಪ್ರಶ್ನೆ ಚಿಹ್ನೆಗಳ ಸಾಲು ಸೇವ್ ಆಗುತ್ತದೆ.

ಇಲ್ಲಿ ತುಂಬಾ ಎಚ್ಚರ ಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಕಾಲಂನ ಕಾಮೆಂಟ್ ಮಾತ್ರ ಬದಲಿಸುವ ಕಮಾಂಡ್ ಇಲ್ಲ. ಆಲ್ಟರ್ ಟೇಬಲ್ ಮಾಡಿಫೈ ಅಂತ ಕೊಟ್ಟು ಇಡೀ ಕಾಲಂನ ವಿವರವನ್ನು ಮತ್ತೆ ಬರೆಯಬೇಕು. ನಾಟ್ ನಲ್, ಡಿಫಾಲ್ಟ್, ಆಟೋ ಇನ್‌ಕ್ರಿಮೆಂಟ್ ಯಾವುದನ್ನು ಬರೆಯಲು ಮರೆತರೂ ಅದು ಹೊರಟೇ ಹೋಗುತ್ತದೆ. ಶೋ ಕ್ರಿಯೇಟ್ ಟೇಬಲ್ ಕೊಟ್ಟು, ಅಲ್ಲಿಂದ ಆ ಸಾಲನ್ನು ಇದ್ದ ಹಾಗೇ ಕಾಪಿ ಮಾಡಿ, ಕೊನೆಗೆ ಕಾಮೆಂಟ್ ಸೇರಿಸಿ. ಪೂರ್ತಿ ಬ್ಯಾಕಪ್ ತೆಗೆದು, ವ್ಯವಹಾರ ಇಲ್ಲದ ಹೊತ್ತಿನಲ್ಲಿ, ಮೊದಲು ಒಂದು ನಕಲು ಡೇಟಾಬೇಸ್ ಮೇಲೆ ಮಾಡಿ ನೋಡಿ. ಮುಗಿದ ಮೇಲೆ ಮತ್ತೆ ನೋ-ಡೇಟಾ ಡಂಪ್ ತೆಗೆದು ಹಳೆಯದರ ಜೊತೆ ಹೋಲಿಸಿ. ಕಾಮೆಂಟ್ ಬಿಟ್ಟು ಬೇರೇನೂ ಬದಲಾಗಿರಬಾರದು.

ಬೇರೆ ಡೇಟಾಬೇಸ್ ಇದ್ದರೆ

ಪೋಸ್ಟ್‌ಗ್ರೆಸ್‌ನಲ್ಲಿ ಈ ತಲೆನೋವು ಇಲ್ಲ. ಕಾಮೆಂಟ್ ಆನ್ ಕಾಲಂ ಅನ್ನುವ ಬೇರೆ ಕಮಾಂಡೇ ಇದೆ. ರಚನೆ ತೆಗೆಯಲು ಪಿಜಿ ಡಂಪ್‌ಗೆ ಸ್ಕೀಮಾ-ಓನ್ಲಿ ಆಯ್ಕೆ. ಎಸ್‌ಕ್ಯೂಲೈಟ್‌ನಲ್ಲಿ ಡಾಟ್ ಸ್ಕೀಮಾ ಸಾಕು, ಆದರೆ ಅದರಲ್ಲಿ ಕಾಲಂ ಕಾಮೆಂಟ್ ಇಡುವ ವ್ಯವಸ್ಥೆ ಇಲ್ಲ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ವಿವರಣೆಗಳು ಎಕ್ಸ್‌ಟೆಂಡೆಡ್ ಪ್ರಾಪರ್ಟಿಗಳಲ್ಲಿ ಕೂರುತ್ತವೆ. ಪಿಎಚ್‌ಪಿ ಮೈಅಡ್ಮಿನ್ ಮಾತ್ರ ಇದೆಯಾ? ಸ್ಟ್ರಕ್ಚರ್ ಪುಟದ ಕೆಳಗೆ ಡೇಟಾ ಡಿಕ್ಷನರಿ ಅನ್ನುವ ಕೊಂಡಿ ಇರುತ್ತದೆ, ಅದನ್ನು ಬ್ರೌಸರ್‌ನಿಂದಲೇ ಪ್ರಿಂಟ್ ಕೊಡಿ.

ಸಣ್ಣ ಅಂಗಡಿಗಳಲ್ಲಿ ಇನ್ನೂ ಎಂಎಸ್ ಆ್ಯಕ್ಸೆಸ್ ಓಡುತ್ತಿದೆ. ಅದರಲ್ಲಿ ಡೇಟಾಬೇಸ್ ಟೂಲ್ಸ್ ಒಳಗೆ ಡೇಟಾಬೇಸ್ ಡಾಕ್ಯುಮೆಂಟರ್ ಇದೆ. ಆಪ್ಷನ್ಸ್‌ಗೆ ಹೋಗಿ ಪರ್ಮಿಷನ್, ಪ್ರಾಪರ್ಟಿ ಮುಂತಾದವನ್ನು ತೆಗೆದುಹಾಕಿಯೇ ಪ್ರಿಂಟ್ ಕೊಡಿ, ಇಲ್ಲದಿದ್ದರೆ ಪುಟಗಟ್ಟಲೆ ಬೇಡದ್ದು ಬರುತ್ತದೆ. ರಿಲೇಶನ್‌ಶಿಪ್ಸ್ ಕಿಟಕಿಯಲ್ಲಿ ರಿಲೇಶನ್‌ಶಿಪ್ ರಿಪೋರ್ಟ್ ಒತ್ತಿದರೆ ಚಿತ್ರವೂ ಪ್ರಿಂಟ್ ಆಗುತ್ತದೆ.

ಕೊನೆಗೆ ಫೈಲು ಎಲ್ಲಿರಬೇಕು? ಎರಡು ಪ್ರತಿ ಮಾಡಿ. ಸ್ವಚ್ಛವಾಗಿ ಪ್ರಿಂಟ್ ಆದದ್ದು ಮಾಲೀಕರ ಬೀರುವಿನಲ್ಲಿ, ಯಾಕೆಂದರೆ ಡೇಟಾಬೇಸ್ ಅವರದು. ಪಾಸ್‌ವರ್ಡ್‌ಗಳನ್ನು ಮಾತ್ರ ಅದರಲ್ಲಿ ಬರೆಯಬೇಡಿ. ಪೆನ್ನಿನ ಗೀಟು, ಟೀ ಕಲೆ ಇರುವ ಪ್ರತಿ ರೈಟರ್ ಮೇಜಿನ ಮೇಲೆ. ಆ ಮಂಡಿಯಲ್ಲಿ ಈಗ ಪ್ರೋಗ್ರಾಂಗೆ ಏನಾದರೂ ಸೇರಿಸಬೇಕೆಂದರೆ ಮೊದಲು ಆ ಎರಡನೇ ಪ್ರತಿ ತೆಗೆಯುತ್ತಾರೆ. ಹೋದ ಸಲ ಹೋದಾಗ ರೇಟಿನ ಹಾಳೆಯಲ್ಲಿ ಡೆಸಿಮಲ್ 8, 2 ಅಂತ ನಾನು ಹಾಕಿದ್ದರ ಪಕ್ಕ ರೈಟರ್ ಪೆನ್ಸಿಲಿನಲ್ಲಿ ಬರೆದಿದ್ದರು: 'ಆರು ಅಂಕಿ, ಸಾಕು.'